ಲಾಗಿನ್ ಆಗುತ್ತದೆ, ಪಾಸ್‌ವರ್ಡ್ ಬದಲಾಗುವುದಿಲ್ಲ: ಒಂದು ಎಲ್‌ಡ್ಯಾಪ್ ಪ್ರಕರಣ

ಇದು ಮಧ್ಯಮ ಗಾತ್ರದ ಒಂದು ಸಂಸ್ಥೆಯ ಕಥೆ. ಹೆಸರು ಬೇಡ. ಕೆಲವು ನೂರು ಬಳಕೆದಾರರು, ಹೆಚ್ಚಿನವು ಲಿನಕ್ಸ್ ಯಂತ್ರಗಳು, ಫೈಲ್ ಹಂಚಿಕೊಳ್ಳಲು ಒಂದು ಸಾಂಬಾ ಸರ್ವರ್, ದೂರದಲ್ಲೊಂದು ಶಾಖೆ. ಎಲ್ಲರ ಲಾಗಿನ್ ಇರುವುದು ಒಂದೇ ಕಡೆ, ಓಪನ್‌ಎಲ್‌ಡ್ಯಾಪ್ ಡೈರೆಕ್ಟರಿಯಲ್ಲಿ, ಅಂದರೆ ಬಳಕೆದಾರರ ವಿವರಗಳನ್ನೆಲ್ಲ ಇಡುವ ಸರ್ವರ್‌ನಲ್ಲಿ. ಅದರ ಜೊತೆ ಯಂತ್ರಗಳು ಮಾತಾಡುವ ಭಾಷೆಯ ಹೆಸರು ಎಲ್‌ಡ್ಯಾಪ್. ಯಾವ ಯಂತ್ರದ ಮುಂದೆ ಕೂತರೂ ಅದೇ ಹೆಸರು, ಅದೇ ಪಾಸ್‌ವರ್ಡ್.

ನಮಗೆ ಬಂದ ದೂರು ಚಿಕ್ಕದು. ಬಳಕೆದಾರರಿಗೆ ತಮ್ಮ ಪಾಸ್‌ವರ್ಡ್ ತಾವೇ ಬದಲಾಯಿಸಲು ಆಗುತ್ತಿಲ್ಲ. ಟರ್ಮಿನಲ್‌ನಲ್ಲಿ ಪಾಸ್‌ಡಬ್ಲ್ಯುಡಿ ಕಮಾಂಡ್ ಕೊಟ್ಟರೆ ಹಳೆಯದನ್ನು ಕೇಳುತ್ತದೆ, ಹೊಸದನ್ನು ಎರಡು ಸಲ ಕೇಳುತ್ತದೆ, ಆಮೇಲೆ ‘ಅಥೆಂಟಿಕೇಶನ್ ಟೋಕನ್ ಮ್ಯಾನಿಪ್ಯುಲೇಶನ್ ಎರರ್’ ಎಂದು ಕೈ ಎತ್ತುತ್ತದೆ. ಈ ಸಂದೇಶದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ತಪ್ಪು ಯಂತ್ರದ್ದೋ, ನೆಟ್‌ವರ್ಕ್‌ನದೋ, ಡೈರೆಕ್ಟರಿಯದೋ ಎಂದು ಅದು ಹೇಳುವುದೇ ಇಲ್ಲ.

ಇದು ಹೊಸ ತೊಂದರೆಯೂ ಅಲ್ಲ. ವರ್ಷಗಳಿಂದ ಹೀಗೇ ಇತ್ತು. ಅದಕ್ಕೆ ಅಲ್ಲಿನವರು ತಮ್ಮದೇ ದಾರಿ ಹುಡುಕಿಕೊಂಡಿದ್ದರು. ಪಾಸ್‌ವರ್ಡ್ ಬದಲಾಗಬೇಕಾದವರು ಹೆಲ್ಪ್‌ಡೆಸ್ಕ್‌ಗೆ ಹೋಗುತ್ತಿದ್ದರು. ಅಲ್ಲಿನ ಹುಡುಗರು ರೂಟ್ (ಯಂತ್ರದ ಸರ್ವಾಧಿಕಾರದ ಖಾತೆ) ಆಗಿ ಲಾಗಿನ್ ಆಗಿ ಬದಲಾಯಿಸಿ ಕೊಡುತ್ತಿದ್ದರು. ಅದೂ ಬೇಡ ಅನ್ನುವವರಿಗೆ ಯಾರೋ ಹಿಂದೆ ಬರೆದಿಟ್ಟ ಒಂದು ವೆಬ್ ಪುಟ ಇತ್ತು. ಕೆಲಸ ನಡೆಯುತ್ತಿತ್ತು. ಹಾಗಾಗಿ ಇದು ಯಾರಿಗೂ ಅವಸರದ ವಿಷಯ ಆಗಿರಲಿಲ್ಲ. 90 ದಿನಕ್ಕೊಮ್ಮೆ ಎಲ್ಲರೂ ಬದಲಾಯಿಸಲೇಬೇಕು ಎಂಬ ಆದೇಶ ಬಂದಾಗ ಹೆಲ್ಪ್‌ಡೆಸ್ಕ್ ಮುಂದೆ ಸಾಲು ಬೆಳೆಯಿತು, ಆಗ ನಮ್ಮನ್ನು ಕರೆದರು.

ಮೊದಲು ನೋಡಬೇಕಾದದ್ದು ಯಾವ ಕಡೆ

ಇಂಥ ದೂರು ಬಂದಾಗ ಮೊದಲು ಪಾಮ್ (ಲಿನಕ್ಸ್‌ನಲ್ಲಿ ಲಾಗಿನ್, ಪಾಸ್‌ವರ್ಡ್ ನೋಡಿಕೊಳ್ಳುವ ಪದರ) ಫೈಲ್‌ಗಳನ್ನು ಕೆದಕುವುದು ಎಲ್ಲರ ಅಭ್ಯಾಸ. ನನಗದು ಸರಿ ಕಾಣುವುದಿಲ್ಲ. ಪಾಮ್ ನಡುವೆ ಇರುವಷ್ಟು ಹೊತ್ತು ನಿಜವಾದ ಉತ್ತರ ಮುಸುಕಿನೊಳಗೇ ಇರುತ್ತದೆ. ಅದನ್ನು ಬದಿಗಿಟ್ಟು ನೇರವಾಗಿ ಡೈರೆಕ್ಟರಿಯನ್ನೇ ಕೇಳಬೇಕು. ಎಲ್‌ಡ್ಯಾಪ್‌ಪಾಸ್‌ಡಬ್ಲ್ಯುಡಿ ಎಂಬ ಕಮಾಂಡ್ ಇರುವುದೇ ಅದಕ್ಕೆ. ಬಳಕೆದಾರರ ಡಿಎನ್ (ಡೈರೆಕ್ಟರಿಯಲ್ಲಿ ಅವರ ಪೂರ್ತಿ ಹೆಸರು-ವಿಳಾಸ), ಅವರ ಹಳೇ ಪಾಸ್‌ವರ್ಡ್ ಕೊಟ್ಟು ಹೊಸದನ್ನು ಕಳಿಸಿದರೆ ಸರ್ವರ್ ಒಂದು ಸಂಖ್ಯೆಯ ಜೊತೆ ಉತ್ತರ ಕೊಡುತ್ತದೆ. 49 ಬಂದರೆ ಹಳೇ ಪಾಸ್‌ವರ್ಡ್ ತಪ್ಪು. 13 ಬಂದರೆ ಟಿಎಲ್‌ಎಸ್, ಅಂದರೆ ಎನ್‌ಕ್ರಿಪ್ಟ್ ಆದ ಸಂಪರ್ಕ, ಇಲ್ಲದೆ ಬಂದಿದ್ದೀರಿ ಎಂದರ್ಥ. 19 ಬಂದರೆ ಪಾಸ್‌ವರ್ಡ್ ನೀತಿಗೆ ಒಪ್ಪಿಲ್ಲ. 50 ಬಂದರೆ ನಿಮಗೆ ಅನುಮತಿ ಇಲ್ಲ.

ನಮಗೆ ಬಂದದ್ದು 50. ಅಂದರೆ ಬಳಕೆದಾರರ ಗುರುತು ಡೈರೆಕ್ಟರಿಗೆ ಸಿಕ್ಕಿದೆ, ಹಳೇ ಪಾಸ್‌ವರ್ಡ್ ಸರಿ ಇದೆ, ಆದರೆ ಅವರದೇ ಪಾಸ್‌ವರ್ಡನ್ನು ಬರೆಯಲು ಅವರಿಗೇ ಹಕ್ಕಿಲ್ಲ.

ಅಲ್ಲಿನ ಸಿಸ್ಟಮ್ ನೋಡಿಕೊಳ್ಳುವವರಿಗೆ ಇದು ನಂಬಲಾಗದ ಮಾತು. “ಹಕ್ಕು ಕೊಟ್ಟಿದ್ದೀವಲ್ಲ ಸರ್, ನಿಯಮ ಇದೆ ನೋಡಿ” ಎಂದು ಕಾನ್ಫಿಗ್ ತೆಗೆದು ತೋರಿಸಿದರು. ನಿಯಮ ನಿಜಕ್ಕೂ ಇತ್ತು. ಯೂಸರ್‌ಪಾಸ್‌ವರ್ಡ್ ಆಟ್ರಿಬ್ಯೂಟ್‌ಗೆ (ಒಬ್ಬರ ದಾಖಲೆ ಎಂದರೆ ಎಂಟ್ರಿ, ಅದರೊಳಗಿನ ಒಂದೊಂದು ವಿವರ ಆಟ್ರಿಬ್ಯೂಟ್) ಸೆಲ್ಫ್‌ಗೆ, ಅಂದರೆ ಆ ಬಳಕೆದಾರರಿಗೇ, ರೈಟ್; ಅನಾನಿಮಸ್‌ಗೆ, ಅಂದರೆ ಗುರುತು ಹೇಳದೆ ಬಂದವರಿಗೆ, ಆಥ್ (ಪಾಸ್‌ವರ್ಡ್ ಹೊಂದಿಸಿ ನೋಡುವಷ್ಟು); ಉಳಿದವರಿಗೆ ನನ್, ಏನೂ ಇಲ್ಲ. ಯಾವ ಪಾಠದಲ್ಲೂ ಹೀಗೇ ಇರುತ್ತದೆ. ತೊಂದರೆ ಅದು ಕೂತಿದ್ದ ಜಾಗದ್ದು.

ಎರಡನೆಯ ನಿಯಮ ಓದುವವರೇ ಇಲ್ಲ

ಓಪನ್‌ಎಲ್‌ಡ್ಯಾಪ್‌ನಲ್ಲಿ ಅನುಮತಿಯ ನಿಯಮಗಳಿಗೆ ಸಾಲುಸಂಖ್ಯೆ ಇದೆ, ಸೊನ್ನೆಯಿಂದ ಶುರು. ಯಾರಾದರೂ ಒಂದು ಆಟ್ರಿಬ್ಯೂಟ್ ಮುಟ್ಟಲು ಬಂದಾಗ ಸರ್ವರ್ ಮೇಲಿನಿಂದ ಕೆಳಗೆ ಓದುತ್ತದೆ. ಆ ಎಂಟ್ರಿಗೂ ಆಟ್ರಿಬ್ಯೂಟ್‌ಗೂ ಹೊಂದುವ ಮೊದಲ ನಿಯಮ ಸಿಕ್ಕಿದ ಕೂಡಲೇ ನಿಲ್ಲುತ್ತದೆ. ಅದರೊಳಗೆ ‘ಯಾರಿಗೆ’ ಎಂಬ ಪಟ್ಟಿಯಲ್ಲೂ ಅಷ್ಟೇ, ಮೊದಲು ಹೊಂದಿದ್ದೇ ಕೊನೆ. ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲದಿದ್ದರೆ, ಬರೆಯದೇ ಇರುವ ‘ಉಳಿದವರಿಗೆ ನನ್’ ನಿಮಗೆ ಅನ್ವಯಿಸುತ್ತದೆ. ಕೆಳಗೆ ಇನ್ನೂ ಒಳ್ಳೆಯ ನಿಯಮ ಇದೆಯೇ ಎಂದು ಅದು ಹುಡುಕುವುದಿಲ್ಲ.

ಇಲ್ಲಿ ಸೊನ್ನೆಯ ಸಾಲಿನಲ್ಲಿ ಇದ್ದದ್ದು ಇದು: ಎಲ್ಲಕ್ಕೂ, ಅಡ್ಮಿನ್‌ಗೆ ರೈಟ್, ಉಳಿದ ಎಲ್ಲರಿಗೂ ರೀಡ್. ‘ಎಲ್ಲಕ್ಕೂ’ ಎಂದರೆ ಯೂಸರ್‌ಪಾಸ್‌ವರ್ಡ್ ಕೂಡ ಸೇರಿತು. ಪಾಸ್‌ವರ್ಡ್ ನಿಯಮವನ್ನು ಆಮೇಲೆ ಯಾರೋ ಸೇರಿಸಿದ್ದರು. ಎಲ್‌ಡ್ಯಾಪ್‌ಮಾಡಿಫೈನಲ್ಲಿ ಸಂಖ್ಯೆ ಹೇಳದೆ ಸೇರಿಸಿದರೆ ಹೊಸ ನಿಯಮ ಕೊನೆಗೆ ಹೋಗಿ ಕೂರುತ್ತದೆ. ಹಾಗಾಗಿ ಅದನ್ನು ಸರ್ವರ್ ಒಂದು ದಿನವೂ ಓದಿರಲಿಲ್ಲ.

ಹಾಗಿದ್ದರೆ ಲಾಗಿನ್ ಹೇಗೆ ಆಗುತ್ತಿತ್ತು? ಅನುಮತಿಗಳು ಏಣಿಯ ಮೆಟ್ಟಿಲಿನ ಹಾಗೆ. ನನ್, ಡಿಸ್‌ಕ್ಲೋಸ್, ಆಥ್, ಕಂಪೇರ್, ಸರ್ಚ್, ರೀಡ್, ರೈಟ್, ಮ್ಯಾನೇಜ್. ಮೇಲಿನ ಮೆಟ್ಟಿಲು ಸಿಕ್ಕವರಿಗೆ ಕೆಳಗಿನದೆಲ್ಲ ಸಿಕ್ಕಿದ ಹಾಗೆ. ಲಾಗಿನ್‌ಗೆ ಬೇಕಾದದ್ದು ಆಥ್ ಮಾತ್ರ. ಎಲ್ಲರಿಗೂ ರೀಡ್ ಇದ್ದಾಗ ಆಥ್ ತಾನಾಗಿಯೇ ಬಂತು. ಲಾಗಿನ್ ಸುಸೂತ್ರವಾಗಿ ನಡೆಯಿತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಪಾಸ್‌ವರ್ಡ್ ಬದಲಾಯಿಸಲು ಆಗದಿರುವುದು ಇಲ್ಲಿ ಸಣ್ಣ ವಿಷಯ. ದೊಡ್ಡದು ಈ ‘ರೀಡ್’. ಯಾವ ಹೆಸರೂ ಪಾಸ್‌ವರ್ಡೂ ಕೊಡದೆ, ಅನಾನಿಮಸ್ ಆಗಿ ಒಂದು ಎಲ್‌ಡ್ಯಾಪ್‌ಸರ್ಚ್ ಓಡಿಸಿದೆವು. ಇಡೀ ಸಂಸ್ಥೆಯ ಪಾಸ್‌ವರ್ಡ್ ಹ್ಯಾಶ್‌ಗಳು (ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿ ಇಟ್ಟ, ನೇರವಾಗಿ ಹಿಂದಕ್ಕೆ ತಿರುಗಿಸಲಾಗದ ಗುರುತುಗಳು) ಪರದೆಯ ಮೇಲೆ ಸಾಲಾಗಿ ಬಂದವು. ನೆಟ್‌ವರ್ಕ್‌ಗೆ ಲ್ಯಾಪ್‌ಟಾಪ್ ಚುಚ್ಚಿದ ಯಾರು ಬೇಕಾದರೂ ಇದನ್ನೇ ಮಾಡಬಹುದಿತ್ತು.

“ಅದು ಎನ್‌ಕ್ರಿಪ್ಟ್ ಆಗಿದೆ ಅಲ್ವಾ?” ಎಂದರು ಅವರು. ಹಾಗೆ ಕಾಣುವುದಕ್ಕೆ ಕಾರಣ ಇದೆ. ಪರದೆಯಲ್ಲಿ ಯೂಸರ್‌ಪಾಸ್‌ವರ್ಡ್ ಎಂಬ ಹೆಸರಿನ ಮುಂದೆ ಒಂದರ ಬದಲು ಎರಡು ಕೋಲನ್ ಇರುತ್ತದೆ, ಆಮೇಲೆ ಅರ್ಥವಾಗದ ಅಕ್ಷರಗಳ ಉದ್ದ ಸಾಲು. ಎರಡು ಕೋಲನ್ ಹೇಳುವುದು ಇಷ್ಟೇ, ಮುಂದಿನದು ಬೇಸ್64 ರೂಪದಲ್ಲಿದೆ. ಅದು ಬೀಗವಲ್ಲ, ಬರೀ ಹೊದಿಕೆ. ಒಂದು ಕಮಾಂಡ್‌ನಲ್ಲಿ ಬಿಚ್ಚಿದರೆ ಒಳಗೆ ಎಸ್‌ಎಸ್‌ಎಚ್‌ಎ ಎಂಬ ಹಣೆಪಟ್ಟಿಯ ಹ್ಯಾಶ್. ಎಸ್‌ಎಸ್‌ಎಚ್‌ಎ ಎಂದರೆ ಉಪ್ಪು, ಅಂದರೆ ಪ್ರತಿ ಪಾಸ್‌ವರ್ಡ್‌ಗೂ ಬೇರೆ ಬೇರೆಯಾದ ಒಂದಷ್ಟು ಅಕ್ಷರ, ಸೇರಿಸಿದ ಎಸ್‌ಎಚ್‌ಎ-1 ಹ್ಯಾಶ್. ಲೆಕ್ಕ ಹಾಕಲು ತೀರಾ ವೇಗ, ಹಾಗಾಗಿ ದುರ್ಬಲ ಪಾಸ್‌ವರ್ಡ್‌ಗಳನ್ನು ಊಹಿಸಿ ಊಹಿಸಿ ಹೊಂದಿಸಿ ನೋಡುವುದು ಇವತ್ತಿನ ಯಂತ್ರಗಳಿಗೆ ಕಷ್ಟವಲ್ಲ.

ಅದಕ್ಕಿಂತ ಕೆಟ್ಟದ್ದು ಪಕ್ಕದಲ್ಲೇ ಇತ್ತು: ಸಾಂಬಾಎನ್‌ಟಿಪಾಸ್‌ವರ್ಡ್, 32 ಹೆಕ್ಸ್ ಅಕ್ಷರಗಳ ಒಂದು ಸಾಲು. ಇದು ಉಪ್ಪೇ ಇಲ್ಲದ ಎಂಡಿ4 ಹ್ಯಾಶ್. ಇದನ್ನು ಒಡೆಯುವ ಅಗತ್ಯವೇ ಇಲ್ಲ. ಎನ್‌ಟಿಎಲ್‌ಎಂ ಎಂಬ ವಿಂಡೋಸ್ ಲಾಗಿನ್ ವಿಧಾನದಲ್ಲಿ ಹ್ಯಾಶ್ ಗೊತ್ತಿದ್ದರೆ ಸಾಕು, ಪಾಸ್‌ವರ್ಡ್ ಗೊತ್ತಿದ್ದ ಹಾಗೆಯೇ ಒಳಗೆ ಹೋಗಬಹುದು. ಡೈರೆಕ್ಟರಿಗೆ ಸಾಂಬಾ ಸೇರಿಸುವವರು ಯೂಸರ್‌ಪಾಸ್‌ವರ್ಡ್ ಒಂದನ್ನು ಮುಚ್ಚಿ ಇದನ್ನು ಮರೆಯುವುದು ಸಾಮಾನ್ಯ. ಇಲ್ಲಿ ಎರಡೂ ತೆರೆದೇ ಇದ್ದವು.

ರೂಟ್ ಯಾರ ರೂಟ್?

ಇನ್ನು ಹೆಲ್ಪ್‌ಡೆಸ್ಕ್ ದಾರಿ. ಲಿನಕ್ಸ್ ಯಂತ್ರದ ರೂಟ್‌ಗೆ ಆ ಯಂತ್ರದಲ್ಲಿ ಎಲ್ಲ ಅಧಿಕಾರ ಇರುತ್ತದೆ. ಪಾಸ್‌ವರ್ಡ್ ಇಡುವ ಶಾಡೋ ಫೈಲ್ ಅಲ್ಲೇ ಇದ್ದಾಗ ರೂಟ್ ಯಾರ ಪಾಸ್‌ವರ್ಡ್ ಬೇಕಾದರೂ ಬದಲಾಯಿಸಬಹುದು. ಪಾಸ್‌ವರ್ಡ್ ಡೈರೆಕ್ಟರಿಗೆ ಹೋದ ಮೇಲೆ ಆ ಮಾತು ಮುಗಿಯಿತು. ಡೈರೆಕ್ಟರಿಗೆ ಈ ಯಂತ್ರದ ರೂಟ್ ಯಾರು ಅಂತಲೇ ಗೊತ್ತಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಯಾವ ಡಿಎನ್ ಆಗಿ ಬೈಂಡ್ ಆದಿರಿ, ಅಂದರೆ ಡೈರೆಕ್ಟರಿಗೆ ಲಾಗಿನ್ ಆದಿರಿ, ಅನ್ನುವುದು ಮಾತ್ರ.

ಹಾಗಾದರೆ ಹೆಲ್ಪ್‌ಡೆಸ್ಕ್‌ನ ರೂಟ್ ಬದಲಾಯಿಸುತ್ತಿದ್ದದ್ದು ಹೇಗೆ? ಯಂತ್ರಗಳಲ್ಲಿದ್ದದ್ದು ಎನ್‌ಎಸ್‌ಎಲ್‌ಸಿಡಿ, ಯಂತ್ರದ ಪರವಾಗಿ ಡೈರೆಕ್ಟರಿಯ ಜೊತೆ ಮಾತಾಡುವ ಪ್ರೋಗ್ರಾಂ. ಅದರ ಕಾನ್ಫಿಗ್‌ನಲ್ಲಿ ರೂಟ್‌ಪಿಡಬ್ಲ್ಯುಮಾಡ್‌ಡಿಎನ್ ಎಂಬ ಆಯ್ಕೆ ಇದೆ. ರೂಟ್ ಯಾರದಾದರೂ ಪಾಸ್‌ವರ್ಡ್ ಬದಲಾಯಿಸಲು ಬಂದಾಗ ಯಾವ ಡಿಎನ್ ಆಗಿ ಬೈಂಡ್ ಆಗಬೇಕು ಎಂದು ಅಲ್ಲಿ ಹೇಳಬಹುದು. ಅದರ ಪಾಸ್‌ವರ್ಡನ್ನು ಫೈಲ್‌ನಲ್ಲಿ ಬರೆಯದಿದ್ದರೆ ಪ್ರತಿ ಸಲ ಕೇಳುತ್ತದೆ. ಪ್ರತಿ ಸಲ ಟೈಪ್ ಮಾಡುವುದು ಬೇಸರ ಎಂದು ಅದನ್ನೂ ಬರೆದಿಟ್ಟಿದ್ದರು. ಹೆಲ್ಪ್‌ಡೆಸ್ಕ್ ಕೂರುವ ಪ್ರತಿ ಯಂತ್ರದಲ್ಲೂ, ಡೈರೆಕ್ಟರಿಯ ಅಡ್ಮಿನ್ ಪಾಸ್‌ವರ್ಡ್, ಇದ್ದ ಹಾಗೆ.

ಆ ಅಡ್ಮಿನ್ ಸುಮ್ನೆ ಒಬ್ಬ ಬಳಕೆದಾರ ಅಲ್ಲ, ಡೇಟಾಬೇಸ್‌ನ ರೂಟ್‌ಡಿಎನ್. ರೂಟ್‌ಡಿಎನ್‌ಗೆ ಅನುಮತಿಯ ನಿಯಮಗಳು ಅನ್ವಯಿಸುವುದೇ ಇಲ್ಲ. ಪಾಸ್‌ವರ್ಡ್ ನೀತಿಯ ಓವರ್‌ಲೇ (ಸರ್ವರ್‌ಗೆ ಜೋಡಿಸುವ ಹೆಚ್ಚುವರಿ ತುಣುಕು), ಅಂದರೆ ಪಿಪಾಲಿಸಿ, ಅದೂ ರೂಟ್‌ಡಿಎನ್ ಬಂದರೆ ಉದ್ದ, ಗುಣಮಟ್ಟ ಏನನ್ನೂ ನೋಡದೆ ದಾರಿ ಬಿಡುತ್ತದೆ. ಸಂಸ್ಥೆಯವರು ಕಷ್ಟಪಟ್ಟು ನೀತಿ ಬರೆದಿದ್ದರು: ಕನಿಷ್ಠ ಉದ್ದ ಇಷ್ಟು, ಹಿಂದಿನ ಪಾಸ್‌ವರ್ಡ್ ಮತ್ತೆ ಬಳಸುವಂತಿಲ್ಲ, ಹೀಗೆ. ಆದರೆ ಪಾಸ್‌ವರ್ಡ್ ಬದಲಾಗುತ್ತಿದ್ದ ಎರಡೂ ದಾರಿಗಳು ರೂಟ್‌ಡಿಎನ್ ಆಗಿಯೇ ನಡೆಯುತ್ತಿದ್ದವು. ನೀತಿ ಇತ್ತು, ಅದರ ಎದುರು ಒಬ್ಬರೂ ಹಾದುಹೋಗಿರಲಿಲ್ಲ.

ಮೂಲ ದೋಷಕ್ಕಿಂತ ಅದರ ಸುತ್ತ ಬೆಳೆದ ಈ ಅಡ್ಡದಾರಿಗಳೇ ಜಾಸ್ತಿ ಅಪಾಯಕಾರಿ. ಬಳಕೆದಾರರಿಗೆ ಕೊಡಬೇಕಿದ್ದ ಒಂದು ಪುಟ್ಟ ಹಕ್ಕು ಸಿಗಲಿಲ್ಲ. ಅದರ ಬದಲು ಎಲ್ಲಕ್ಕಿಂತ ದೊಡ್ಡ ಹಕ್ಕು ಎಲ್ಲ ಕಡೆ ಹರಡಿತು.

ಎರಡೂ ಪಾಸ್‌ವರ್ಡ್ ನಡೆಯುತ್ತದೆ

ವೆಬ್ ಪುಟದ ಕಥೆ ಇನ್ನೂ ವಿಚಿತ್ರ. ಅಲ್ಲಿ ಬದಲಾಯಿಸಿದವರ ದೂರು ಬೇರೆ: ಲಿನಕ್ಸ್‌ಗೆ ಹೊಸ ಪಾಸ್‌ವರ್ಡ್, ಸಾಂಬಾ ಫೋಲ್ಡರ್‌ಗೆ ಮಾತ್ರ ಹಳೆಯದು. ಹೆಲ್ಪ್‌ಡೆಸ್ಕ್‌ನಲ್ಲಿ ಬದಲಾಯಿಸಿಕೊಂಡವರಿಗೆ ಈ ತೊಂದರೆ ಇಲ್ಲ.

ಎಲ್‌ಡ್ಯಾಪ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಲು ಎರಡು ದಾರಿ ಇವೆ. ಒಂದು, ಯಾವ ಆಟ್ರಿಬ್ಯೂಟನ್ನಾದರೂ ತಿದ್ದುವ ಹಾಗೆ ಯೂಸರ್‌ಪಾಸ್‌ವರ್ಡನ್ನೂ ಮಾಡಿಫೈ ಮಾಡುವುದು. ಆಗ ಕ್ಲೈಂಟೇ ಹ್ಯಾಶ್ ಮಾಡಿ ಕಳಿಸಬೇಕು. ಮಾಡದೆ ಕಳಿಸಿದರೆ, ಸರ್ವರ್‌ನಲ್ಲಿ ಬೇರೆ ಏರ್ಪಾಡು ಇಲ್ಲದಿದ್ದರೆ, ಪಾಸ್‌ವರ್ಡ್ ಇದ್ದ ಹಾಗೇ ಹೋಗಿ ಕೂರುತ್ತದೆ. ಇನ್ನೊಂದು, ಪಾಸ್‌ವರ್ಡ್ ಬದಲಾವಣೆಗೆಂದೇ ಇರುವ ಪ್ರತ್ಯೇಕ ಕಾರ್ಯಾಚರಣೆ. 2001ರ ಆರ್‌ಎಫ್‌ಸಿ 3062 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆ ಇದನ್ನು ವಿವರಿಸುತ್ತದೆ. ಇಲ್ಲಿ ಕ್ಲೈಂಟ್ ಹೇಳುವುದು ‘ಇವರ ಹಳೆಯದು ಇದು, ಹೊಸದು ಇದು’ ಎಂದಷ್ಟೇ. ಹೇಗೆ ಇಡಬೇಕು, ಎಲ್ಲಿ ಇಡಬೇಕು ಎನ್ನುವುದು ಸರ್ವರ್‌ಗೆ ಬಿಟ್ಟದ್ದು. ಕೆಲಸದ ಮಾತಿನಲ್ಲಿ ಇದನ್ನು ಎಕ್ಸಾಪ್ ಅನ್ನುತ್ತಾರೆ.

ಈ ಸರ್ವರ್‌ನಲ್ಲಿ ಎಸ್‌ಎಂಬಿಕೆ5ಪಿಡಬ್ಲ್ಯುಡಿ ಎಂಬ ಓವರ್‌ಲೇ ಹಾಕಿದ್ದರು. ಪಾಸ್‌ವರ್ಡ್ ಬದಲಾದಾಗ ಸಾಂಬಾದ ಹ್ಯಾಶನ್ನೂ ಜೊತೆಗೇ ಬದಲಾಯಿಸುವುದು ಅದರ ಕೆಲಸ. ಆದರೆ ಅದು ಕಿವಿ ಕೊಡುವುದು ಎಕ್ಸಾಪ್‌ಗೆ ಮಾತ್ರ. ಮಾಡಿಫೈ ಬಂದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಎನ್‌ಎಸ್‌ಎಲ್‌ಸಿಡಿ ಎಕ್ಸಾಪ್ ಬಳಸುತ್ತದೆ, ಹಾಗಾಗಿ ಹೆಲ್ಪ್‌ಡೆಸ್ಕ್ ದಾರಿ ಸರಿ. ವೆಬ್ ಪುಟ ಮಾಡಿಫೈ ಬಳಸುತ್ತಿತ್ತು, ಹಾಗಾಗಿ ಸಾಂಬಾ ಹಿಂದೆ ಉಳಿಯಿತು.

ಪುಟದ ಸ್ಕ್ರಿಪ್ಟ್ ಓದುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಅದು ರಿಪ್ಲೇಸ್ ಅನ್ನುವ ಕಡೆ ಆ್ಯಡ್ ಅನ್ನುತ್ತಿತ್ತು. ಯೂಸರ್‌ಪಾಸ್‌ವರ್ಡ್ ಒಂದಕ್ಕಿಂತ ಹೆಚ್ಚು ಬೆಲೆಗಳನ್ನು ಇಟ್ಟುಕೊಳ್ಳಬಲ್ಲ ಆಟ್ರಿಬ್ಯೂಟ್. ಆ್ಯಡ್ ಎಂದರೆ ಹಳೆಯದು ಹೋಗುವುದಿಲ್ಲ, ಪಕ್ಕದಲ್ಲಿ ಹೊಸದೊಂದು ಸೇರುತ್ತದೆ. ಬೈಂಡ್ ಆಗುವಾಗ ಯಾವುದು ಹೊಂದಿದರೂ ಸರಿ. ಪುಟ ಬಳಸಿದವರ ಹಳೇ ಪಾಸ್‌ವರ್ಡ್‌ಗಳೆಲ್ಲ ಇನ್ನೂ ಜೀವಂತ. ಒಬ್ಬರ ಎಂಟ್ರಿಯಲ್ಲಂತೂ ಅವರು ವರ್ಷಗಳಿಂದ ಇಟ್ಟ ಪಾಸ್‌ವರ್ಡ್‌ಗಳೆಲ್ಲ ಸಾಲಾಗಿ ಕೂತಿದ್ದವು. ಹೊಸ ಪಾಸ್‌ವರ್ಡ್ ನಡೆಯದಿದ್ದರೆ ಜನ ದೂರು ಕೊಡುತ್ತಾರೆ. ಹಳೆಯದೂ ನಡೆಯುತ್ತಿದೆ ಎಂದು ಯಾರು ದೂರು ಕೊಡುತ್ತಾರೆ?

ಆ ಪುಟವನ್ನು ರಿಪೇರಿ ಮಾಡುವ ಮಾತು ಬಂತು. ನಾವು ಬೇಡ ಎಂದೆವು. ರೂಟ್‌ಡಿಎನ್ ಪಾಸ್‌ವರ್ಡ್ ಹೊತ್ತು ವೆಬ್ ಸರ್ವರ್‌ನಲ್ಲಿ ಕೂತಿರುವ ಪುಟ ಅದು. ಬೇಕಿದ್ದರೆ ಹೊಸದಾಗಿ ಬರೆಯಲಿ, ಬಳಕೆದಾರರ ಹೆಸರಲ್ಲೇ ಬೈಂಡ್ ಆಗಿ ಎಕ್ಸಾಪ್ ಕಳಿಸಲಿ. ಆಗ ಪುಟಕ್ಕೆ ತನ್ನದೆಂಬ ಯಾವ ಹಕ್ಕೂ ಬೇಕಾಗುವುದಿಲ್ಲ.

ಸುಲಭದ ಪರಿಹಾರ ಏಕೆ ಬೇಡ

ಮೂಲ ದೋಷ ಗೊತ್ತಾದ ಕೂಡಲೇ ಅಲ್ಲಿನವರು ಕೇಳಿದ್ದು, “ಸೊನ್ನೆಯ ನಿಯಮದಲ್ಲೇ ಸೆಲ್ಫ್‌ಗೆ ರೈಟ್ ಅಂತ ಸೇರಿಸಿಬಿಟ್ಟರೆ ಆಯ್ತಲ್ಲ?” ಒಂದೇ ಪದ, ಸರ್ವರ್ ನಿಲ್ಲಿಸುವುದೂ ಬೇಡ. ಪಾಸ್‌ವರ್ಡ್ ಬದಲಾಗುತ್ತದೆ, ನಿಜ.

ಪರೀಕ್ಷೆಗೆಂದು ಇಟ್ಟ ಸರ್ವರ್‌ನಲ್ಲಿ ಹಾಗೇ ಮಾಡಿ ತೋರಿಸಿದೆವು. ಸಾಧಾರಣ ಬಳಕೆದಾರರೊಬ್ಬರ ಹೆಸರಲ್ಲಿ ಬೈಂಡ್ ಆಗಿ, ಅವರ ಎಂಟ್ರಿಯ ಯುಐಡಿನಂಬರನ್ನು, ಅಂದರೆ ಲಿನಕ್ಸ್ ಅವರನ್ನು ಗುರುತಿಸುವ ಸಂಖ್ಯೆಯನ್ನು, ಇನ್ನೊಬ್ಬರ ಸಂಖ್ಯೆಗೆ ಬದಲಾಯಿಸಿದೆವು. ಸರ್ವರ್ ತಕರಾರಿಲ್ಲದೆ ಒಪ್ಪಿತು. ಮತ್ತೆ ಲಾಗಿನ್ ಆದಾಗ ಆ ಇನ್ನೊಬ್ಬರ ಹೋಮ್ ಡೈರೆಕ್ಟರಿ ಪೂರ್ತಿ ಇವರದಾಗಿತ್ತು. ಲಿನಕ್ಸ್ ಫೈಲ್‌ಗಳ ಒಡೆತನ ನೋಡುವುದು ಸಂಖ್ಯೆಯನ್ನು, ಹೆಸರನ್ನಲ್ಲ. ಸಂಖ್ಯೆಯನ್ನು ಸೊನ್ನೆ, ಅಂದರೆ ರೂಟ್‌ನ ಸಂಖ್ಯೆ, ಮಾಡಿದರೆ ಏನು ಎಂಬುದು ಮುಂದಿನ ಪ್ರಶ್ನೆ. ಎಸ್‌ಎಸ್‌ಎಸ್‌ಡಿ (ಎನ್‌ಎಸ್‌ಎಲ್‌ಸಿಡಿಯಂಥದ್ದೇ ಇನ್ನೊಂದು ಪ್ರೋಗ್ರಾಂ) ತಾನಾಗಿಯೇ ಸೊನ್ನೆಯನ್ನು ಒಪ್ಪುವುದಿಲ್ಲ, ಅದರ ಕನಿಷ್ಠ ಐಡಿ 1. ಆದರೆ ಆ ಒಂದು ತಡೆಯ ಮೇಲೆ ಭಾರ ಹಾಕಿ ಕೂರುವುದು ಜಾಣತನವಲ್ಲ. 1998ರ ಆರ್‌ಎಫ್‌ಸಿ 2307 ಯುನಿಕ್ಸ್ ಖಾತೆಯ ವಿವರಗಳನ್ನು ಎಲ್‌ಡ್ಯಾಪ್‌ನಲ್ಲಿ ಇಡುವ ರೀತಿ ಹೇಳಿತು. ಆಗಿನಿಂದ ಯುಐಡಿನಂಬರ್, ಜಿಐಡಿನಂಬರ್, ಹೋಮ್‌ಡೈರೆಕ್ಟರಿ ಎಲ್ಲವೂ ಪಾಸ್‌ವರ್ಡ್ ಇರುವ ಅದೇ ಎಂಟ್ರಿಯಲ್ಲಿ ಇವೆ. ‘ತನ್ನ ಎಂಟ್ರಿ’ ಮೇಲೆ ರೈಟ್ ಕೊಟ್ಟರೆ ಇವೆಲ್ಲವೂ ಹೋದವು.

ಹಾಗಾಗಿ ನಿಯಮಗಳನ್ನು ಮತ್ತೆ ಬರೆದೆವು. ಅದಕ್ಕೂ ಮೊದಲು ಕಾನ್ಫಿಗ್‌ನ ಒಂದು ಪ್ರತಿ, ಪ್ರತಿ ತೆಗೆಯುವ ಸ್ಲ್ಯಾಪ್‌ಕ್ಯಾಟ್ ಕಮಾಂಡ್‌ನಲ್ಲಿ ಡೇಟಾಬೇಸ್ ಸಂಖ್ಯೆ 0 ಎಂದು ಹೇಳಿ ತೆಗೆದಿಟ್ಟೆವು. ನಿಯಮದಲ್ಲಿ ಒಂದು ತಪ್ಪಾದರೆ ಇಡೀ ಸಂಸ್ಥೆಯ ಲಾಗಿನ್ ನಿಲ್ಲುತ್ತದೆ.

ಸೊನ್ನೆಯ ಜಾಗಕ್ಕೆ ಪಾಸ್‌ವರ್ಡ್ ನಿಯಮ ಬಂತು. ಸೆಲ್ಫ್‌ಗೆ ರೈಟ್ ಎಂದು ಬರೆಯದೆ, ಸಮ ಚಿಹ್ನೆ ಹಾಕಿ ಎಕ್ಸ್ ಮತ್ತು ಡಬ್ಲ್ಯು ಎರಡನ್ನೇ ಕೊಟ್ಟೆವು. ರೈಟ್ ಎಂದರೆ ರೀಡ್ ಕೂಡ ಸೇರುತ್ತದೆ, ಮೆಟ್ಟಿಲಿನ ಲೆಕ್ಕ. ಸಮ ಚಿಹ್ನೆ ಹಾಕಿದರೆ ಹೇಳಿದಷ್ಟೇ: ಲಾಗಿನ್ ಆಗಬಹುದು, ಬದಲಾಯಿಸಬಹುದು, ಓದುವಂತಿಲ್ಲ. ತನ್ನ ಹ್ಯಾಶನ್ನು ತಾನೇ ಓದುವ ಅಗತ್ಯ ಯಾರಿಗಿದೆ? ಸಾಂಬಾದ ಹ್ಯಾಶ್‌ಗೆ ಸಾಂಬಾ ಸರ್ವರ್‌ನ ಸ್ವಂತ ಖಾತೆ ಬಿಟ್ಟು ಯಾರಿಗೂ ಏನೂ ಇಲ್ಲ. ಉಳಿದ ವಿವರಗಳಿಗೆ ಕೊನೆಯಲ್ಲಿ ಒಂದು ನಿಯಮ, ಬೈಂಡ್ ಆದವರಿಗೆ ರೀಡ್.

ಪ್ರತಿ ನಿಯಮವನ್ನೂ ಸ್ಲ್ಯಾಪ್‌ಎಸಿಎಲ್‌ನಲ್ಲಿ ಒರೆಗೆ ಹಚ್ಚಿದೆವು. ಯಾರ ಹೆಸರಲ್ಲಿ, ಯಾವ ಎಂಟ್ರಿಯ, ಯಾವ ಆಟ್ರಿಬ್ಯೂಟ್‌ಗೆ, ಯಾವ ಹಕ್ಕು ಎಂದು ಕೇಳಿದರೆ ಅದು ಸಿಗುತ್ತದೆ ಅಥವಾ ಇಲ್ಲ ಎಂದು ಹೇಳುತ್ತದೆ. ಡೈರೆಕ್ಟರಿ ನೋಡಿಕೊಳ್ಳುವ ಎಷ್ಟೋ ಮಂದಿಗೆ ಈ ಕಮಾಂಡ್ ಇರುವುದೇ ಗೊತ್ತಿಲ್ಲ, ಅದು ನನಗೆ ಆಶ್ಚರ್ಯ. ಇದಕ್ಕೂ ಬಗ್ಗದ ಸಂದೇಹ ಇದ್ದರೆ ಲಾಗ್ ಮಟ್ಟವನ್ನು 128ಕ್ಕೆ ಏರಿಸಬೇಕು. ಯಾವ ನಿಯಮ ಹಿಡಿಯಿತು, ಎಲ್ಲಿ ನಿಂತಿತು ಎಂದು ಸರ್ವರ್ ಸಾಲು ಸಾಲಾಗಿ ಬರೆಯುತ್ತದೆ. ಬೇಗ ಇಳಿಸಿಬಿಡಿ, ಡಿಸ್ಕ್ ತುಂಬುತ್ತದೆ.

ಹೆಲ್ಪ್‌ಡೆಸ್ಕ್‌ಗೆ ಎಷ್ಟು

ಪಾಸ್‌ವರ್ಡ್ ಮರೆತವರಿಗೆ ಹೆಲ್ಪ್‌ಡೆಸ್ಕ್ ಬೇಕೇ ಬೇಕು. ಅದಕ್ಕೆ ಅಡ್ಮಿನ್ ಆಗಬೇಕಿಲ್ಲ. ಹೆಲ್ಪ್‌ಡೆಸ್ಕ್ ಎಂಬ ಗುಂಪಿಗೆ ಯೂಸರ್‌ಪಾಸ್‌ವರ್ಡ್ ಬರೆಯುವ ಹಕ್ಕು ಕೊಟ್ಟರೆ ಸಾಕು. ಅಲ್ಲಿನವರು ಹಿಂದೊಮ್ಮೆ ಇದನ್ನೂ ಮಾಡಿ ನೋಡಿದ್ದರಂತೆ, ನಡೆಯಲಿಲ್ಲವಂತೆ. ಕಾರಣ ಗುಂಪಿನ ಬಗೆ. ಅವರದು ಪೋಸಿಕ್ಸ್‌ಗ್ರೂಪ್. ಅದರಲ್ಲಿ ಸದಸ್ಯರು ಬರೀ ಲಾಗಿನ್ ಹೆಸರಾಗಿ ಇರುತ್ತಾರೆ. ಅನುಮತಿ ನಿಯಮದ ಗುಂಪು ಹುಡುಕುವುದು ಪೂರ್ತಿ ಡಿಎನ್ ಇರುವ ಗ್ರೂಪ್‌ಆಫ್‌ನೇಮ್ಸ್ ಅನ್ನು. ಹೆಸರು ಇದೆ, ಹೊಂದುವುದಿಲ್ಲ, ಎರರ್ ಕೂಡ ಇಲ್ಲ, ಸುಮ್ನೆ ನಿರಾಕರಣೆ. ಹೊಸ ಗುಂಪು ಮಾಡಿದ ಮೇಲೆ ನಡೆಯಿತು.

ಅಷ್ಟಕ್ಕೇ ಬಿಟ್ಟರೆ ಬೇಲಿಯೇ ಹೊಲ ಮೇಯುವ ಅವಕಾಶ ಇದೆ. ಎಲ್ಲರ ಪಾಸ್‌ವರ್ಡ್ ಬದಲಾಯಿಸಬಲ್ಲವರು ಸಿಸ್ಟಮ್ ನೋಡಿಕೊಳ್ಳುವವರ ಪಾಸ್‌ವರ್ಡನ್ನೂ ಬದಲಾಯಿಸಿ ಅವರ ಹೆಸರಲ್ಲಿ ಒಳಗೆ ಹೋಗಬಹುದು. ಹಾಗಾಗಿ ಹೆಚ್ಚಿನ ಅಧಿಕಾರದ ಖಾತೆಗಳನ್ನು ಡೈರೆಕ್ಟರಿಯೊಳಗೇ ಬೇರೆ ಕೊಂಬೆಗೆ ಸರಿಸಿ, ಅವಕ್ಕೆ ಎಲ್ಲಕ್ಕಿಂತ ಮೇಲೆ ಇನ್ನೊಂದು ಪಾಸ್‌ವರ್ಡ್ ನಿಯಮ ಬರೆದೆವು. ಅದರಲ್ಲಿ ಹೆಲ್ಪ್‌ಡೆಸ್ಕ್ ಹೆಸರಿಲ್ಲ. ಹೆಲ್ಪ್‌ಡೆಸ್ಕ್ ಗುಂಪಿನ ಸದಸ್ಯರ ಪಟ್ಟಿಯನ್ನು ಬದಲಾಯಿಸುವ ಹಕ್ಕೂ ಹೆಲ್ಪ್‌ಡೆಸ್ಕ್‌ಗೆ ಇಲ್ಲ.

ಹೆಲ್ಪ್‌ಡೆಸ್ಕ್ ಕೊಟ್ಟ ಪಾಸ್‌ವರ್ಡ್ ಹೆಲ್ಪ್‌ಡೆಸ್ಕ್‌ಗೂ ಗೊತ್ತಿರುತ್ತದೆ. ಅದಕ್ಕೆ ಪಿಡಬ್ಲ್ಯುಡಿರೀಸೆಟ್ ಎಂಬ ಗುರುತು. ನೀತಿಯಲ್ಲಿ ಪಿಡಬ್ಲ್ಯುಡಿಮಸ್ಟ್‌ಚೇಂಜ್ ಟ್ರೂ ಇದ್ದು, ರೀಸೆಟ್ ಜೊತೆ ಈ ಗುರುತನ್ನೂ ಟ್ರೂ ಮಾಡಿದರೆ, ಆ ಬಳಕೆದಾರರು ಬೈಂಡ್ ಆದ ಮೇಲೆ ಪಾಸ್‌ವರ್ಡ್ ಬದಲಾಯಿಸುವುದೊಂದನ್ನು ಬಿಟ್ಟು ಬೇರೇನೂ ಮಾಡುವಂತಿಲ್ಲ. ಹೆಲ್ಪ್‌ಡೆಸ್ಕ್‌ನ ಪುಟ್ಟ ಸ್ಕ್ರಿಪ್ಟ್ ಎರಡನ್ನೂ ಒಟ್ಟಿಗೇ ಮಾಡುತ್ತದೆ. ಈಗ ಅವರು ತಮ್ಮ ತಮ್ಮ ಹೆಸರಲ್ಲೇ ಬೈಂಡ್ ಆಗುವುದರಿಂದ ಯಾರು ಯಾರದ್ದನ್ನು ಬದಲಾಯಿಸಿದರು ಎಂಬುದು ಲಾಗ್‌ನಲ್ಲಿ ಸಿಗುತ್ತದೆ.

ಬದಲಾಯಿಸಿದರೂ ಮತ್ತೆ ಬದಲಾಯಿಸು ಅನ್ನುತ್ತದೆ

ಸರ್ವರ್ ಸರಿಯಾದ ಮೇಲೂ ಕೆಲವು ಯಂತ್ರಗಳಲ್ಲಿ ಪಾಸ್‌ಡಬ್ಲ್ಯುಡಿ ಹಳೇ ರಾಗವನ್ನೇ ಹಾಡುತ್ತಿತ್ತು. ಇದು ಪಾಮ್‌ನದು. ಎಲ್‌ಡ್ಯಾಪ್ ಸಾಲಿನಲ್ಲಿ ಯೂಸ್‌ಆಥ್‌ಟಾಕ್ ಎಂದಿತ್ತು, ಅಂದರೆ ಮುಂಚಿನ ಮಾಡ್ಯೂಲ್ ಕೇಳಿಟ್ಟ ಪಾಸ್‌ವರ್ಡನ್ನೇ ಬಳಸು ಎಂದು. ಮುಂಚೆ ಕೇಳುವ ಮಾಡ್ಯೂಲೇ ಆ ಯಂತ್ರಗಳಲ್ಲಿ ಇರಲಿಲ್ಲ. ಆ ಪದ ತೆಗೆದೆವು, ಮುಗಿಯಿತು.

ಆಮೇಲೆ ಬಂದದ್ದು ಹೊಸ ದೂರು. ಅವಧಿ ಮುಗಿದಿದೆ ಎಂದು ಕೇಳುತ್ತದೆ, ಬದಲಾಯಿಸುತ್ತಾರೆ, ಆಯಿತು ಅನ್ನುತ್ತದೆ. ಮುಂದಿನ ಲಾಗಿನ್‌ನಲ್ಲಿ ಮತ್ತೆ ಅವಧಿ ಮುಗಿದಿದೆ ಅನ್ನುತ್ತದೆ. ಅವಧಿಯ ಲೆಕ್ಕ ಎರಡು ಕಡೆ ನಡೆಯುತ್ತಿತ್ತು. ಪಿಪಾಲಿಸಿ ತನ್ನ ಪಿಡಬ್ಲ್ಯುಡಿಚೇಂಜ್ಡ್‌ಟೈಮ್ ನೋಡುತ್ತದೆ, ಅದನ್ನು ಸರ್ವರೇ ಬರೆದುಕೊಳ್ಳುತ್ತದೆ. ಇನ್ನೊಂದು ಹಳೇ ಶಾಡೋ ಲೆಕ್ಕ, ಅದು ಶಾಡೋಲಾಸ್ಟ್‌ಚೇಂಜ್ ಎಂಬ ಆಟ್ರಿಬ್ಯೂಟ್‌ನಲ್ಲಿ ಇರುತ್ತದೆ. 1970 ಜನವರಿ 1ರಿಂದ ಎಷ್ಟನೇ ದಿನ ಎಂಬ ಸಂಖ್ಯೆ ಅದು. 20000 ಎಂದಿದ್ದರೆ 2024ರ ಅಕ್ಟೋಬರ್ 4. ಈ ಸಂಖ್ಯೆಯನ್ನು ತಿದ್ದಬೇಕಾದದ್ದು ಕ್ಲೈಂಟ್, ಬಳಕೆದಾರರ ಹಕ್ಕಿನಲ್ಲಿ. ನಮ್ಮ ಹೊಸ ನಿಯಮದಲ್ಲಿ ಆ ಹಕ್ಕಿಲ್ಲ. ಪಾಸ್‌ವರ್ಡ್ ಬದಲಾಗುತ್ತದೆ, ದಿನಾಂಕ ಅಲ್ಲೇ ನಿಲ್ಲುತ್ತದೆ.

ಸೆಲ್ಫ್‌ಗೆ ರೈಟ್ ಕೊಟ್ಟರೆ ಇದು ಸರಿಹೋಗುತ್ತದೆ, ಎಷ್ಟೋ ಕಡೆ ಹಾಗೇ ಮಾಡುತ್ತಾರೆ. ಆದರೆ ಆ ಸಂಖ್ಯೆಯನ್ನು ತಾನೇ ಬರೆಯಬಲ್ಲವರು ಅಲ್ಲಿ ಮುಂದಿನ ಯಾವುದೋ ವರ್ಷದ ದಿನ ಬರೆದು ಆರಾಮಾಗಿ ಕೂರಬಹುದು. ನಾವು ಶಾಡೋಮ್ಯಾಕ್ಸ್ ಮುಂತಾದವನ್ನು ಎಂಟ್ರಿಗಳಿಂದಲೇ ತೆಗೆಸಿದೆವು. ಲೆಕ್ಕ ಒಂದೇ ಕಡೆ, ಸರ್ವರ್‌ನಲ್ಲಿ.

ಆ 90 ದಿನದ ಆದೇಶದ ಬಗ್ಗೆಯೂ ಜಗಳ ಆಯಿತು. ಪಿಡಬ್ಲ್ಯುಡಿಮ್ಯಾಕ್ಸ್‌ಏಜ್ ಸೆಕೆಂಡ್‌ಗಳಲ್ಲಿ ಇರುತ್ತದೆ, 90 ದಿನ ಎಂದರೆ 7776000. ಬರೆಯುವುದು ಕಷ್ಟವಲ್ಲ. ಆದರೆ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ತನ್ನ 800-63ಬಿ ಮಾರ್ಗಸೂಚಿಯಲ್ಲಿ, ಸುಮ್ಮಸುಮ್ಮನೆ ಕಾಲಕಾಲಕ್ಕೆ ಬದಲಾಯಿಸಿ ಎಂದು ಒತ್ತಾಯಿಸಬೇಡಿ, ಸೋರಿದ ಸುಳಿವು ಇದ್ದರೆ ಮಾತ್ರ ಬದಲಾಯಿಸಿ ಎಂದು ಹೇಳಿದೆ. ಒತ್ತಾಯ ಮಾಡಿದರೆ ಜನ ಹಳೆಯದರ ಕೊನೆಗೆ ಒಂದು ಅಂಕೆ ಸೇರಿಸುತ್ತಾರೆ, ಅಷ್ಟೇ. ಇಲ್ಲಿ ಸುಳಿವಲ್ಲ, ಹ್ಯಾಶ್‌ಗಳು ವರ್ಷಗಟ್ಟಲೆ ತೆರೆದಿದ್ದವು. ಹಾಗಾಗಿ ಒಪ್ಪಂದ ಹೀಗಾಯಿತು: ಈಗ ಎಲ್ಲರೂ ಒಮ್ಮೆ ಬದಲಾಯಿಸುವುದು, 90 ದಿನದ ನಿಯಮ ಕೈಬಿಡುವುದು, ಅದರ ಬದಲು ಕನಿಷ್ಠ ಉದ್ದ ಹೆಚ್ಚಿಸುವುದು. ಪಿಡಬ್ಲ್ಯುಡಿಚೆಕ್‌ಕ್ವಾಲಿಟಿ 2 ಎಂದು ಇಟ್ಟೆವು. ಕ್ಲೈಂಟ್ ಮೊದಲೇ ಹ್ಯಾಶ್ ಮಾಡಿ ಕಳಿಸಿದರೆ ಸರ್ವರ್‌ಗೆ ಗುಣಮಟ್ಟ ನೋಡಲು ಆಗುವುದಿಲ್ಲ. 1 ಎಂದಿದ್ದರೆ ಅಂಥದ್ದನ್ನು ಒಪ್ಪಿಕೊಳ್ಳುತ್ತದೆ, 2 ಎಂದರೆ ತಿರಸ್ಕರಿಸುತ್ತದೆ.

ಎಲ್ಲರನ್ನೂ ಒಂದೇ ದಿನ ಬದಲಾಯಿಸಲು ಹೇಳಲಿಲ್ಲ. ವಿಭಾಗವಾರು ಮಾಡಿದೆವು, ಅಧಿಕಾರ ಜಾಸ್ತಿ ಇರುವವರು ಮೊದಲು. ಎರಡು ಮೂರು ಬೆಲೆ ಇದ್ದ ಎಂಟ್ರಿಗಳಲ್ಲಿ ಹಳೆಯವೆಲ್ಲ ಹೋಗಿವೆಯೇ ಎಂದು ಪ್ರತ್ಯೇಕ ನೋಡಿದೆವು. ಮನುಷ್ಯರು ಬಳಸದ ಖಾತೆಗಳಿಗೆ, ಅಂದರೆ ಅಪ್ಲಿಕೇಶನ್‌ಗಳು ಬೈಂಡ್ ಆಗುವ ಖಾತೆಗಳಿಗೆ, ಬೇರೆ ನೀತಿ ಅಂಟಿಸಿದೆವು. ತಪ್ಪು ಪಾಸ್‌ವರ್ಡ್ ಇಷ್ಟು ಸಲ ಬಂದರೆ ಬೀಗ ಎಂಬ ನಿಯಮ ಅವಕ್ಕೂ ಇದ್ದರೆ, ಯಾರೋ ಬೇಕೆಂದೇ ತಪ್ಪು ಟೈಪ್ ಮಾಡಿ ಇಡೀ ಅಪ್ಲಿಕೇಶನ್ ನಿಲ್ಲಿಸಬಹುದು.

ಕೊನೆಗೆ ರೂಟ್‌ಡಿಎನ್‌ನ ಪಾಸ್‌ವರ್ಡ್ ಬದಲಾಯಿಸಿದೆವು, ಯಂತ್ರಗಳಿಂದ ಅಳಿಸಿದೆವು. ಮಾರನೇ ದಿನ ಬೆಳಿಗ್ಗೆ ಬ್ಯಾಕಪ್ ಆಗಿರಲಿಲ್ಲ. ಅದೂ ಅಡ್ಮಿನ್ ಹೆಸರಲ್ಲೇ ಓಡುತ್ತಿತ್ತು ಎಂದು ಯಾರಿಗೂ ನೆನಪಿರಲಿಲ್ಲ. ಸರ್ವರ್ ಮೇಲೇ ಸ್ಲ್ಯಾಪ್‌ಕ್ಯಾಟ್ ಓಡಿಸಿದರೆ ಬೈಂಡ್ ಆಗುವ ಗೊಡವೆಯೇ ಇಲ್ಲ, ಅದನ್ನೇ ಹಾಕಿದೆವು.

ದೂರದ ಶಾಖೆಯದು ಬೇರೆ ಸಮಸ್ಯೆ. ಅಲ್ಲಿರುವುದು ಡೈರೆಕ್ಟರಿಯ ಪ್ರತಿ, ಓದಲು ಮಾತ್ರ. ಬರೆಯಲು ಹೋದರೆ ಅದು ಮುಖ್ಯ ಸರ್ವರ್ ಕಡೆ ಬೆರಳು ತೋರಿಸುತ್ತದೆ. ಆ ಬೆರಳನ್ನು ಹಿಂಬಾಲಿಸಿ ಹೋಗುವಾಗ ಎಷ್ಟೋ ಕ್ಲೈಂಟ್‌ಗಳು ಅನಾನಿಮಸ್ ಆಗಿ ಹೋಗುತ್ತವೆ, ಮತ್ತೆ ನಿರಾಕರಣೆ. ಅಲ್ಲಿನ ಯಂತ್ರಗಳಲ್ಲಿ ಎಸ್‌ಎಸ್‌ಎಸ್‌ಡಿ ಹಾಕಿ, ಪಾಸ್‌ವರ್ಡ್ ಬದಲಾವಣೆಯ ವಿಳಾಸವನ್ನು ನೇರವಾಗಿ ಮುಖ್ಯ ಸರ್ವರ್‌ಗೆ ಕೊಟ್ಟೆವು. ಎಲ್‌ಡ್ಯಾಪ್‌ಸಿಎಚ್‌ಪಾಸ್‌ಯುಆರ್‌ಐ ಎಂಬ ಆಯ್ಕೆ ಇರುವುದು ಇದಕ್ಕೇ. ಪ್ರತಿ ಮಾಡುವ ವಿಧಾನವನ್ನೂ ರಿಫ್ರೆಶ್‌ಅಂಡ್‌ಪರ್ಸಿಸ್ಟ್‌ಗೆ, ಅಂದರೆ ಬದಲಾವಣೆ ಆದ ಕೂಡಲೇ ಕಳಿಸುವ ವಿಧಾನಕ್ಕೆ, ಬದಲಾಯಿಸಿದೆವು. ಇಲ್ಲದಿದ್ದರೆ ಬದಲಾಯಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲಿ ಹಳೆಯದೇ ನಡೆಯುತ್ತದೆ.

ಇನ್ನೂ ಒಂದು ಬಗೆಹರಿದಿಲ್ಲ. ಒಂದು ಹಳೇ ಅಪ್ಲಿಕೇಶನ್‌ಗೆ ಪಾಸ್‌ವರ್ಡ್ ನೀತಿಯ ಭಾಷೆ ಗೊತ್ತಿಲ್ಲ. ರೀಸೆಟ್ ಆದವರು ನೇರವಾಗಿ ಅಲ್ಲಿ ಹೋದರೆ ಬೈಂಡ್ ಆಗುತ್ತದೆ, ಆಮೇಲೆ ಪ್ರತಿಯೊಂದಕ್ಕೂ 50 ಬರುತ್ತದೆ, ಪರದೆ ಖಾಲಿ. ಸದ್ಯಕ್ಕೆ ರೀಸೆಟ್ ಕೊಡುವಾಗಲೇ ‘ಮೊದಲು ಲಿನಕ್ಸ್ ಯಂತ್ರದಲ್ಲಿ ಲಾಗಿನ್ ಆಗಿ ಬದಲಾಯಿಸಿಕೊಳ್ಳಿ’ ಎಂದು ಹೆಲ್ಪ್‌ಡೆಸ್ಕ್‌ನವರು ಹೇಳಿ ಕಳಿಸುತ್ತಿದ್ದಾರೆ.